ಫ್ರಿಜ್ಜಿನ ಹಿಂದೆ ಕೂತ ಸಲಹೆಗಾರ್ತಿ

ಲಿಫ್ಟ್ ಮೆಕ್ಯಾನಿಕ್ ಆಕೆಯನ್ನು ಮೊದಲ ಸಲ ಭೇಟಿಯಾದಾಗ ನೋಡಲಿಲ್ಲ, ಬರೀ ಕೇಳಿಸಿಕೊಂಡ.

ಅದೊಂದು ಮಂಗಳವಾರ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಕೈಗೆ ಅಂಟಿದ ಗ್ರೀಸನ್ನು ಹಳೆ ಬನಿಯನ್ ತುಂಡಿನಿಂದ ಒರೆಸಿಕೊಳ್ಳುತ್ತ ಅವನು ಆ ಕಟ್ಟಡದ ಮೆಟ್ಟಿಲು ಹತ್ತಿದ. ಕೆಳಗಡೆ ಹಾಸಿಗೆ ಅಂಗಡಿ, ಅದರ ಮೇಲೆ ಹದಿಹರೆಯದವರಿಗೂ ಅವರ ಮನೆಯವರಿಗೂ ಸಲಹೆ ಕೊಡುವ ಕೇಂದ್ರ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಲಿಫ್ಟ್ ಇಲ್ಲದ ಕಟ್ಟಡ ಕಂಡರೆ ಅವನಿಗೆ ಅಲ್ಲಿಯವರ ಬುದ್ಧಿಯ ಮೇಲೆ ಒಂದಿಷ್ಟು ಅನುಮಾನ ಹುಟ್ಟುತ್ತಿತ್ತು. ಆದರೂ ಹತ್ತಿದ. ಮಗಳ ವಿಷಯ.

ಕಾಯುವ ಕೋಣೆಯಲ್ಲಿ ಒಬ್ಬ ಅಪ್ಪ, ಒಬ್ಬ ಮಗ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಆ ಖಾಲಿ ಕುರ್ಚಿಯ ಮೇಲೆ ಇಬ್ಬರ ಹೆಲ್ಮೆಟ್ಟುಗಳಿದ್ದವು. ಹೆಲ್ಮೆಟ್ಟುಗಳು ಮಾತ್ರ ಒಂದಕ್ಕೊಂದು ಮುಖ ಮಾಡಿಕೊಂಡಿದ್ದವು. ಎದುರಿನ ಗೋಡೆಯ ಮೇಲೆ ಬಿಳಿ ಬಣ್ಣ ಬಳಿದ ಹಲಗೆಯೊಂದು ತೂಗುತ್ತಿತ್ತು. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಒಂದನೇ ಕೊಠಡಿ, ಹಿಂದೆ ವಿಮಾನಗಳನ್ನು ಇಳಿಸುತ್ತಿದ್ದವರು. ಎರಡನೇ ಕೊಠಡಿ, ಹಿಂದೆ ಹಳೆ ಕಟ್ಟಡ ಕೆಡವುತ್ತಿದ್ದವರು. ಮೂರನೇ ಕೊಠಡಿ, ಹಿಂದೆ ಅಪಘಾತವಾದ ವಾಹನಗಳ ವಿಮೆ ನೋಡುತ್ತಿದ್ದವರು. ನಾಲ್ಕನೇ ಕೊಠಡಿ, ಹಿಂದೆ ನಾಟಕದ ಪ್ರಾಂಪ್ಟರ್.

ಅವನು ಹಲಗೆಯನ್ನು ಎರಡು ಸಲ ಓದಿ, ಮೇಜಿನ ಹಿಂದೆ ಕೂತಿದ್ದ ರಿಸೆಪ್ಷನಿಸ್ಟ್ ಹುಡುಗಿಯನ್ನು ಕೇಳಿದ. "ಇವರ್ಯಾರೂ ಓದಿದೋರಲ್ವಾ?"

"ಅಯ್ಯೋ, ಎಲ್ಲರೂ ಎರಡೆರಡು ಡಿಗ್ರಿ ಮಾಡಿದೋರೇ ಸಾರ್. ಮೊದಲು ಡಿಗ್ರಿನೇ ಹಾಕಿದ್ವಿ. ಎಲ್ಲರದ್ದೂ ಒಂದೇ ಥರ ಕಾಣಿಸ್ತಿತ್ತು, ಜನಕ್ಕೆ ಆರಿಸೋಕೆ ಆಗ್ತಿರಲಿಲ್ಲ. ಹಳೇ ಕೆಲಸ ಹಾಕಿದ್ಮೇಲೆ ತಲೆನೋವೇ ಇಲ್ಲ. ಬಾಗಿಲು ಬಡಿಯೋ ಮಕ್ಕಳಾದ್ರೆ ಎರಡನೇ ರೂಮು. ಮನೇಲಿ ಎಲ್ಲರೂ ಒಟ್ಟಿಗೇ ಕಿರುಚ್ತಾರೆ ಅಂದ್ರೆ ಒಂದನೇದು, ಅವರು ಒಬ್ಬೊಬ್ಬರನ್ನೇ ಕೆಳಗೆ ಇಳಿಸ್ತಾರೆ. ತಪ್ಪು ಯಾರದ್ದು ಅಂತ ಜಗಳ ಇದ್ರೆ ಮೂರು. ನಿಮ್ಮದು ಯಾ..."

"ಮಗಳದ್ದು."

"ಎಷ್ಟು ವ..."

"ಹದಿನೈದು."

"ಏನು ತೊಂ..."

"ಮಾತಾಡಲ್ಲ. ಸ್ಕೂಲಲ್ಲಿ ಮಾತಾಡ್ತಾಳೆ, ಫ್ರೆಂಡ್ಸ್ ಜೊತೆ ಗಂಟೆಗಟ್ಟಲೆ ಹರಟ್ತಾಳೆ. ಮನೇಲಿ ತುಟಿಪಿಟಕ್ ಅನ್ನಲ್ಲ."

ಹುಡುಗಿ ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. "ನಾಲ್ಕು" ಎಂದಳು.

"ಮತ್ತೆ ನೀವು ಹಿಂದೆ ಏನ್ಮಾಡ್ತಿದ್ರಿ?"

"ನಾನು ಹುಟ್ಟಿದಾಗಿಂದ ಇದೇ ಕುರ್ಚೀಲೇ ಕೂತಿದ್ದೀನಿ ಸಾರ್. ಹೋಗಿ."

ನಾಲ್ಕನೇ ಕೊಠಡಿಯಲ್ಲಿ ಯಾರೂ ಇರಲಿಲ್ಲ. ಒಂದು ಮೇಜು, ಐದು ಕುರ್ಚಿ, ಮೂಲೆಯಲ್ಲಿ ಹಸಿರು ಬಟ್ಟೆಯ ಮಡಿಸುವ ಪರದೆ. ಪರದೆಯ ಕೆಳಗೆ ಒಂದು ಗೇಣು ಖಾಲಿ. ಅವನು ಕುರ್ಚಿಯಲ್ಲಿ ಕೂತ. ಗಂಟಲು ಸರಿಮಾಡಿಕೊಂಡ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಾಯಿ ತೆರೆದ. ಜೋಡಿಸಿದ್ದೆಲ್ಲ ಅಲ್ಲೇ ಚೆಲ್ಲಾಪಿಲ್ಲಿಯಾಯಿತು.

"ನನಗೆ ಭಯ ಆಗ್ತಿದೆ" ಎಂದು ಯಾರೋ ಅವನ ಕಿವಿಯ ಪಕ್ಕದಲ್ಲೇ ಪಿಸುಗುಟ್ಟಿದರು.

"ನನಗೆ ಭಯ ಆಗ್ತಿದೆ" ಎಂದ ಲಿಫ್ಟ್ ಮೆಕ್ಯಾನಿಕ್. ಎಂದವನೇ ಬೆಚ್ಚಿಬಿದ್ದು ಎದ್ದುನಿಂತ. ಹಿಂದೆ ತಿರುಗಿದ. ಯಾರೂ ಇಲ್ಲ. ಕಿವಿಗೆ ಕೈ ಹಾಕಿ ನೋಡಿಕೊಂಡ. ಇಪ್ಪತ್ತು ವರ್ಷದ ನೌಕರಿಯಲ್ಲಿ, ಲಿಫ್ಟ್ ಓಡುವ ಕತ್ತಲೆ ಬಾವಿಯಲ್ಲಿ ನೇತಾಡಿದಾಗಲೂ ಬಾಯಿಂದ ಬಾರದ ಮಾತು ಅದು.

ಪರದೆ ಸರಿಯಿತು. ಉದ್ದನೆಯ ಹೆಂಗಸೊಬ್ಬಳು ಗಿಡ್ಡ ಸ್ಟೂಲಿನಿಂದ ಮಂಡಿ ಹಿಡಿದುಕೊಂಡು ಎದ್ದು ಬಂದಳು. ನರೆತ ಗುಂಗುರು ಕೂದಲು, ದಾರ ಕಟ್ಟಿದ ಕನ್ನಡಕ, ಮುಖದ ತುಂಬ ಅಪರಾಧಿ ಭಾವ.

"ತಪ್ಪಾಯ್ತು" ಎಂದಳು. ಅದೂ ಪಿಸುಮಾತೇ. ಆಕೆಯ ಬಳಿ ಇದ್ದದ್ದು ಅದೊಂದೇ ದನಿ. "ನಿಮಗೆ ಮಾತು ಕೊಡಬಾರದಾಗಿತ್ತು. ನಮ್ಮ ಕೆಲಸದಲ್ಲಿ ಅದೇ ಮೊದಲನೇ ನಿಯಮ. ನಿಮ್ಮ ಹೆಬ್ಬೆರಳು ಎದ್ದುಬಿಡ್ತು ನೋಡಿ, ತಡೆಯೋಕಾಗಲಿಲ್ಲ."

ಅವನು ತನ್ನ ಚಪ್ಪಲಿಯನ್ನು ನೋಡಿಕೊಂಡ. ಬಲಗಾಲಿನ ಹೆಬ್ಬೆರಳು ಇನ್ನೂ ಎದ್ದೇ ಇತ್ತು.

*

ಪ್ರಾಂಪ್ಟರಮ್ಮನ ಕತೆ ಅವನಿಗೆ ಒಂದೇ ದಿನ ತಿಳಿದದ್ದಲ್ಲ. ಬಿಡಿಬಿಡಿಯಾಗಿ, ಹೆಚ್ಚಿನದು ರಿಸೆಪ್ಷನಿಸ್ಟ್ ಹುಡುಗಿಯ ಬಾಯಿಂದ ತಿಳಿಯಿತು.

ಆಕೆಯ ತಾಯಿ ನಾಟಕದವರ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಪಕ್ಕದಲ್ಲೇ ಬೆಳೆದ ಮಗಳಿಗೆ ಎಲ್ಲ ನಾಟಕಗಳ ಎಲ್ಲರ ಮಾತೂ ಬಾಯಿಪಾಠ. ಇಂಥವಳನ್ನು ಸುಮ್ಮನೆ ಬಿಡುವುದುಂಟೇ ಎಂದು ರಂಗದ ಮುಂಭಾಗದಲ್ಲಿ, ನೆಲದ ಕೆಳಗಿನ ಪೆಟ್ಟಿಗೆಯಂಥ ಜಾಗದಲ್ಲಿ ಕೂರಿಸಿದರು. ಪ್ರೇಕ್ಷಕರ ಕಡೆಗೆ ಮರೆ, ನಟರ ಕಡೆಗೆ ಒಂದು ಕಿಂಡಿ. ನಟ ಮಾತು ಮರೆತರೆ ಅವನಿಗೊಬ್ಬನಿಗೇ ಕೇಳುವಂತೆ, ಮೊದಲ ಸಾಲಿನಲ್ಲಿ ಕೂತವರಿಗೂ ಕೇಳದಂತೆ, ಮುಂದಿನ ಮಾತನ್ನು ಪಿಸುಗುಟ್ಟುವುದು ಆಕೆಯ ಕೆಲಸ. ಕಷ್ಟವಿದ್ದದ್ದು ಪಿಸುಗುಟ್ಟುವುದರಲ್ಲಲ್ಲ. ನಟ ನಿಜವಾಗಿಯೂ ಮರೆತನೋ ಅಥವಾ ಬೇಕೆಂದೇ ಮಾತು ನಿಲ್ಲಿಸಿದನೋ ತಿಳಿಯುವುದರಲ್ಲಿ. ಬೇಕೆಂದೇ ನಿಲ್ಲಿಸಿದವನಿಗೆ ಮಾತು ಎತ್ತಿಕೊಟ್ಟರೆ ಅವನು ಮರುದಿನ ಬೈಯದೆ ಬಿಡುತ್ತಿರಲಿಲ್ಲ. ಆ ಪೆಟ್ಟಿಗೆಯಿಂದ ಆಕೆಗೆ ನಟರ ಮುಖ ಕಾಣುತ್ತಿರಲಿಲ್ಲ, ಪಾದ ಕಾಣುತ್ತಿತ್ತು. ಮರೆತವನ ಹೆಬ್ಬೆರಳು ಮೇಲೇಳುತ್ತದೆ. ಬೇಕೆಂದು ನಿಲ್ಲಿಸಿದವನ ಹಿಮ್ಮಡಿ ನೆಲಕ್ಕೆ ಅಂಟಿರುತ್ತದೆ. ಇಷ್ಟನ್ನು ಕಲಿಯಲು ಆಕೆಗೆ ಯೌವನ ಪೂರ್ತಿ ಹಿಡಿಯಿತು.

ಆಮೇಲೆ ನಟರ ಕಿವಿಯೊಳಗೆ ಕಡಲೆಕಾಳಿನಷ್ಟು ಯಂತ್ರ ಬಂತು. ಪೆಟ್ಟಿಗೆಗೆ ಹಲಗೆ ಹೊಡೆದರು. ಬೀಳ್ಕೊಡುಗೆ ಸಮಾರಂಭದಲ್ಲಿ ಹಿರಿಯ ನಟರೊಬ್ಬರು ಆಕೆಯನ್ನು ಹೊಗಳಲು ನಿಂತು, "ಇವರಂಥವರು..." ಎಂದು ಅಲ್ಲಿಗೇ ಮರೆತು ನಿಂತರು. ಪ್ರಾಂಪ್ಟರಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ತನ್ನ ಹೊಗಳಿಕೆಯ ಉಳಿದ ಭಾಗವನ್ನು ಅವರಿಗೆ ಎತ್ತಿಕೊಟ್ಟಳಂತೆ. ಸಂಕೋಚಕ್ಕೆ ಒಂದೆರಡು ವಿಶೇಷಣ ಕಡಿಮೆ ಮಾಡಿದ್ದಳು ಅಷ್ಟೆ.

ಕೆಲಸ ಹೋದ ಮೇಲೆ ಒಂದು ದಿನ ಬಸ್ಸಿನಲ್ಲಿ ಆಕೆಯ ಮುಂದಿನ ಸೀಟಿನಲ್ಲಿ ತಾಯಿ ಮಗ ಜಗಳವಾಡುತ್ತಿದ್ದರು. ತಾಯಿ, "ನಿನ್ನೆ ನಾನು ನಿನ್ನ ಹೊಡೆದದ್ದು..." ಎಂದು ತಡವರಿಸಿದಳು. ಸೀಟಿನ ಕೆಳಗಿಂದ ಕಾಣುತ್ತಿದ್ದ ಹೆಬ್ಬೆರಳು ಎದ್ದಿತು. "ತಪ್ಪು" ಎಂದು ಪ್ರಾಂಪ್ಟರಮ್ಮ ಪಿಸುಗುಟ್ಟಿದಳು. "ತಪ್ಪು" ಎಂದಳು ತಾಯಿ. ಮಗ ಅಳಲು ಶುರುಮಾಡಿದ. ತಾಯಿಯೂ ಅತ್ತಳು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಿಂತ. ತನ್ನ ನಿಲ್ದಾಣ ದಾಟಿ ಎಷ್ಟೋ ದೂರ ಹೋಗಿದ್ದ ಪ್ರಾಂಪ್ಟರಮ್ಮ ಇಳಿದವಳೇ ಸಂಜೆ ಕಾಲೇಜಿಗೆ ಸೇರಿದಳು.

ಓದಿನಲ್ಲಿ ಮುಂದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಫೇಲಾದಳು. ಎದುರು ಕೂತವರು ತಡವರಿಸಿದರೆ ಸಾಕು, ಮಾತು ಹೊರಟುಬಿಡುತ್ತಿತ್ತು. ಎರಡನೆಯ ಸಲ ಪ್ರಶ್ನೆ ಮರೆತ ಪರೀಕ್ಷಕರಿಗೇ ಪ್ರಶ್ನೆ ಹೇಳಿಕೊಟ್ಟಿದ್ದಳು. ಮೂರನೆಯ ಸಲ ಶೀತವಾಗಿ ಗಂಟಲು ಕಟ್ಟಿತ್ತು, ಪಿಸುಮಾತೂ ಹೊರಡಲಿಲ್ಲ. ಮೊದಲ ದರ್ಜೆಯಲ್ಲಿ ಪಾಸಾದಳು.

*

ಗುರುವಾರ ಮನೆಯವರೆಲ್ಲ ನಾಲ್ಕನೇ ಕೊಠಡಿಗೆ ಬಂದರು. ಲಿಫ್ಟ್ ಮೆಕ್ಯಾನಿಕ್, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ, ಅವನ ತಾಯಿ, ಮತ್ತು ಮಗಳು. ಮಗಳನ್ನು ಮನೆಯಲ್ಲಿ ಪಿಟೀಲು ಎಂದು ಕರೆಯುತ್ತಿದ್ದರು. ಮಗುವಾಗಿದ್ದಾಗ ಅಷ್ಟು ಸಣ್ಣ ದನಿಯಲ್ಲಿ, ಅಷ್ಟು ಹೊತ್ತು, ರಾಗವಾಗಿ ಅಳುತ್ತಿದ್ದಳು. ಈಗ ಪಿಟೀಲು ಕಾಲುಗಳನ್ನು ಜೋಡಿಸಿಕೊಂಡು ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ಹಾಸಿಗೆಗಳ ರಾಶಿಯನ್ನು ನೋಡುತ್ತಿದ್ದಳು.

ವಿಷಯ ಇದ್ದದ್ದು ಇಷ್ಟು. ಬೇರೆ ಊರಿನಲ್ಲಿದ್ದ ಪಿಟೀಲಿನ ದೊಡ್ಡಮ್ಮ, ಪರೀಕ್ಷೆ ಮುಗಿದ ಮೇಲೆ ಹುಡುಗಿಯನ್ನು ತನ್ನ ಮನೆಗೆ ಕಳಿಸಿಬಿಡಿ, ಮುಂದೆ ಅಲ್ಲೇ ಓದಲಿ, ಎಂದಿದ್ದಳು. ತಾಯಿಗೆ ಅರ್ಧ ಮನಸ್ಸಿತ್ತು. ಈ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡವಳು ಅಲ್ಲಾದರೂ ನಾಲ್ಕು ಮಾತಾಡಲಿ ಎಂದು. ಲಿಫ್ಟ್ ಮೆಕ್ಯಾನಿಕ್‌ಗೆ ಮಾತ್ರ ಅದು ಸುತರಾಂ ಬೇಡವಾಗಿತ್ತು. ಒಂದು ಸಲ ಹೋದವಳು ಯಾವ ಬಾಯಲ್ಲಿ ವಾಪಸ್ ಬರುತ್ತೇನೆ ಎನ್ನುತ್ತಾಳೆ?

ಪ್ರಾಂಪ್ಟರಮ್ಮ ನಿಯಮದಂತೆ ಎದುರಿನ ಕುರ್ಚಿಯಲ್ಲಿ ಕೂತಳು. "ಇಲ್ಲಿ ಯಾರ ಬಾಯಿಗೂ ನಾನು ಮಾತು ಹಾಕಲ್ಲ" ಎಂದಳು. ಆ ಮಾತನ್ನು ಆಕೆ ಎಷ್ಟು ಮನಸ್ಸಿಟ್ಟು ಹೇಳಿದಳೋ ಅಷ್ಟೇ ಬೇಗ ಮುರಿದಳು.

"ನಾನು ದಿನವಿಡೀ ಅಂಗಡೀಲಿ ಊರೋರ ಕಣ್ಣೆಲ್ಲಾ ನೋಡ್ತೀನಿ" ಎಂದು ಹೆಂಡತಿ ಶುರುಮಾಡಿದಳು. "ಮನೆಗೆ ಬಂದ್ರೆ..."

"ಯಾರೂ ನನ್ನ ನೋಡಲ್ಲ" ಎಂದು ಎದುರಿನ ಕುರ್ಚಿಯಿಂದ ಪಿಸುಮಾತು ಬಂತು.

"ಯಾರೂ ನನ್ನ ನೋಡಲ್ಲ!" ಎಂದು ಹೆಂಡತಿ ಗಳಗಳನೆ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ಸುತ್ತ ನೋಡಿ, "ಈ ಮಾತು ಯಾರ್ರೀ ಹೇಳಿದ್ದು?" ಎಂದು ಗಂಡನ ಮೇಲೆ ರೇಗಿದಳು.

"ನೀನೇ ಕಣೇ!"

"ನನ್ನ ಮಗ ಚಿಕ್ಕೋನಿದ್ದಾಗ..." ಎಂದು ಅಜ್ಜಿ ನಡುವೆ ಬಾಯಿ ಹಾಕಿ, ಉಸಿರಿಗೆ ನಿಂತಳು.

"ತುಂಬಾ ಮುದ್ದಾಗಿದ್ದ" ಎಂದಿತು ಪಿಸುಮಾತು.

"ಅಲ್ಲಲ್ಲ, ಅದಲ್ಲ. ಮಹಾ ಅಧಿಕಪ್ರಸಂಗಿ. ಮುದ್ದಂತೆ ಮುದ್ದು! ಇನ್ನೊಂದು ಸಲ ಕೊಡು ತಾಯಿ, ಸರಿಯಾಗಿ ಕೊಡು."

ಪ್ರಾಂಪ್ಟರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಪರದೆಯ ಹಿಂದಕ್ಕೆ ಓಡಿದಳು. ಅಲ್ಲಿಂದಲೇ ಕೇಳಿದಳು. "ಪಿಟೀಲು ಮನೇಲಿ ಕೊನೇದಾಗಿ ಆಡಿದ ಮಾತು ಏನು?"

"ಹೊಸ ಫೋನ್ ಬೇಕು ಅಂದ್ಲು" ಎಂದ ಲಿಫ್ಟ್ ಮೆಕ್ಯಾನಿಕ್. "ಬೇಸಿಗೆ ರಜೇಲಿ. ಕೊಡಿಸಿದೆ ಕೂಡ."

"ಎಲ್ಲಿ ಅಂದ್ಲು ಅವಳು? 'ಅಪ್ಪ, ನನಗೆ' ಅಂದ್ಲು ಅಷ್ಟೆ. ಹೊಸ ಫೋನ್ ತಾನೆ ಅಂದಿದ್ದು ನೀವು" ಎಂದಳು ಹೆಂಡತಿ.

"ಅದೇ ಅಲ್ವೇನೇ? ಇನ್ನೇನು ಕೇಳ್ತಾಳೆ ಆ ವಯಸ್ಸಲ್ಲಿ?"

"ನನಗೆ ಹಸಿವು ಅನ್ನೋಕೆ ಬಂದಿರ್ತಾಳೆ" ಎಂದಳು ಅಜ್ಜಿ. "ಆ ಫೋನಿನ ಡಬ್ಬಿ ಇನ್ನೂ ಫ್ರಿಜ್ ಮೇಲೇ ಕೂತಿದೆ, ಒಡೆದೇ ಇಲ್ಲ."

ಪಿಟೀಲು ಹಾಸಿಗೆಗಳಿಂದ ಕಣ್ಣು ತೆಗೆಯಲಿಲ್ಲ. ಪರದೆಯ ಕೆಳಗಿನ ಗೇಣು ಜಾಗದಿಂದ ಪ್ರಾಂಪ್ಟರಮ್ಮ ಅವಳ ಪಾದಗಳನ್ನೇ ನೋಡುತ್ತಿದ್ದಳು. ಯಾವ ಬೆರಳೂ ಅಲ್ಲಾಡಲಿಲ್ಲ.

*

ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ, ಯಾರೂ ನನ್ನ ನೋಡಲ್ಲ ಎಂಬ ಮಾತಿನ ಮೇಲೆ ಮನೆ ಬರುವವರೆಗೂ ಜಗಳವಾಡಿದರು. ಮದುವೆಯ ಹೊಸತರಲ್ಲಿ ಬಿಟ್ಟರೆ ಅವರು ಅಷ್ಟು ಹೊತ್ತು ಮಾತಾಡಿದ್ದೇ ಇರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಹಿಗ್ಗಿಹೋದ. ಮರುದಿನವೇ ಕೇಂದ್ರಕ್ಕೆ ಓಡಿ, ಮೇಡಂ ನಮ್ಮ ಮನೆಗೇ ಬರಬೇಕು, ಊಟದ ಹೊತ್ತಿಗೆ, ಎಂದು ಹಠ ಹಿಡಿದ.

ಕೇಂದ್ರದ ಮುಖ್ಯಸ್ಥರು ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದವರು. ನೆಲ ಅಲ್ಲಾಡುತ್ತಿದೆಯೆಂಬಂತೆ ಕಾಲು ಅಗಲಿಸಿ ನಿಲ್ಲುವುದು ಅವರ ರೂಢಿ. "ಮನೆಗೆ ಹೋಗಿ ನೋಡೋದು ಒಳ್ಳೇದೇ" ಎಂದರು. "ಆದ್ರೆ ಮೇಡಂ, ದಯವಿಟ್ಟು ಬಾಯಿ ಹಾಕಬೇಡಿ. ಕುದಿಯೋದು ತಾನಾಗೇ ಕುದೀಲಿ."

ಮನೆ ಆರನೇ ಮಹಡಿಯಲ್ಲಿತ್ತು. ಎದುರಿಗೆ ಅಪರಿಚಿತರು ಕೂತರೆ ಊಟದ ಮೇಜು ಸಹಜವಾಗಿರುವುದಿಲ್ಲವೆಂದು ಆಕೆಗೆ ಎಲ್ಲಿ ಜಾಗ ಮಾಡುವುದೆಂಬ ಚರ್ಚೆ ಬಂತು. ಪರದೆ ಇಲ್ಲ. ಬೀರುವಿನಲ್ಲಿ ಗಾಳಿಯಿಲ್ಲ. ಕೊನೆಗೆ ಅಜ್ಜಿ, "ಫ್ರಿಜ್ಜಿನ ಹಿಂದೆ ಕೂರಲಿ ಬಿಡ್ರೋ, ಮೂಲೇಲಿ ಇಷ್ಟಗಲ ಜಾಗ ದಂಡವಾಗಿ ಬಿದ್ದಿದೆ" ಎಂದಳು. ಮೂಲೆಗೆ ಓರೆಯಾಗಿ ನಿಂತಿದ್ದ ಫ್ರಿಜ್ಜಿನ ಹಿಂದೆ ಸ್ಟೂಲು ಹಾಕಿದರು. ಪಕ್ಕದ ಸಂದಿಯಿಂದ ಮೇಜಿನ ಕೆಳಗಿನ ಎಂಟು ಪಾದಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಮೈಗೆ ಬಿಸಿ ಹೊಡೆಯುತ್ತಿತ್ತು ಎನ್ನುವುದೊಂದು ಬಿಟ್ಟರೆ ಹಳೆಯ ಪೆಟ್ಟಿಗೆಗಿಂತ ಒಳ್ಳೆಯ ಜಾಗ ಎಂದು ಪ್ರಾಂಪ್ಟರಮ್ಮ ಒಪ್ಪಿಕೊಂಡಳು.

ಮೊದಲ ದಿನವೇ ನಿಯಮ ಗಾಳಿಗೆ ಹೋಯಿತು. ಎಂಟು ಪಾದಗಳಲ್ಲಿ ಆರರ ಹೆಬ್ಬೆರಳು ಊಟ ಶುರುವಾದಾಗಿನಿಂದ ಎದ್ದೇ ಇದ್ದರೆ ಆಕೆಯಾದರೂ ಏನು ಮಾಡಿಯಾಳು? ಹಾಲು ತಂದಿದ್ದಾಯ್ತಾ, ಕರೆಂಟ್ ಬಿಲ್ ಕಟ್ಟಿದ್ದಾಯ್ತಾ ಎಂಬಲ್ಲಿಗೆ ಮುಗಿಯುತ್ತಿದ್ದ ಊಟದಲ್ಲಿ ಲಿಫ್ಟ್ ಮೆಕ್ಯಾನಿಕ್ ಹೆಂಡತಿಗೆ, "ನಿನ್ನ ಕನ್ನಡಕದ ಹೊಸ ಚೌಕಟ್ಟು ಮುಖಕ್ಕೆ ಒಪ್ಪುತ್ತೆ" ಎಂದ. ಹೆಂಡತಿ ಅತ್ತೆಗೆ, "ನೀವಿಲ್ಲದಿದ್ರೆ ಈ ಮನೆ ನಡೀತಿರಲಿಲ್ಲ" ಎಂದಳು. ಹೇಳಿ ಮುಗಿಸಿದ ಮೇಲೆ ಇಬ್ಬರೂ ತಮ್ಮ ಬಾಯನ್ನು ತಾವೇ ನಂಬದೆ ಕಣ್ಣು ಪಿಳಿಪಿಳಿ ಮಾಡುತ್ತ ಕೂತರು.

ಅಜ್ಜಿಗಂತೂ ರುಚಿ ಹತ್ತಿತು. "ನನಗೂ ಒಂದು ಉದ್ದದ್ದು ಕೊಡು ತಾಯಿ" ಎಂದು ಫ್ರಿಜ್ಜಿಗೆ ಕೂಗಿ ಹೇಳುತ್ತಿದ್ದಳು. "ಒಳ್ಳೊಳ್ಳೇ ಮಾತೆಲ್ಲ ಸೊಸೆಗೆ, ಚಿಲ್ಲರೆ ಮಾತು ನನಗೆ. ಇದ್ಯಾವ ನ್ಯಾಯ?"

ಒಂದು ಸಂಜೆ ಎದುರು ಮನೆಯ ನಿವೃತ್ತ ಹಲ್ಲಿನ ಡಾಕ್ಟರು ಏಣಿ ಕೇಳಲು ಬಂದರು. ಏಣಿ ಸಿಕ್ಕ ಮೇಲೂ ಬಾಗಿಲಲ್ಲೇ ನಿಂತು, "ಹಾಗಾದ್ರೆ... ಬರ್ತೀನಿ..." ಎಂದು ರಾಗ ಎಳೆದರು.

"ಬಹಳ ದಿನದಿಂದ ಒಂದು ವಿಷಯ ಹೇಳಬೇಕು ಅಂತಿದ್ದೆ" ಎಂದಿತು ಫ್ರಿಜ್ಜಿನ ಮೂಲೆ.

"ಬಹಳ ದಿನದಿಂದ ಒಂದು ವಿಷಯ ಹೇಳಬೇಕು ಅಂತಿದ್ದೆ" ಎಂದ ಡಾಕ್ಟರು ಏಣಿಯನ್ನು ಗೋಡೆಗೆ ಒರಗಿಸಿ, ಇವರ ಮನೆಯ ಪೇಪರನ್ನು ದಿನಾ ಬೆಳಿಗ್ಗೆ ತಾವೇ ಮೊದಲು ಓದಿ, ಇಸ್ತ್ರಿ ಮಾಡಿದ ಹಾಗೆ ಮಡಚಿ ಇಡುತ್ತಿದ್ದುದನ್ನೂ, ಪದಬಂಧ ಬಿಡಿಸುತ್ತಿದ್ದವರು ತಾವೇ ಎಂಬುದನ್ನೂ ಒಪ್ಪಿಕೊಂಡರು. ಹಗುರಾಗಿ ಮನೆಗೆ ಹೋದರು. ಮರುದಿನ ಊಟದ ಹೊತ್ತಿಗೆ ಕರೆಯದೇ ಬಂದು ನಿಂತರು. "ನಿಮ್ಮ ಫ್ರಿಜ್ ಯಾವ ಕಂಪನೀದು? ಅದರ ಪಕ್ಕ ನಿಂತ್ರೆ ಮನಸ್ಸಿಗೆ ಎಷ್ಟೋ ಸಮಾಧಾನ."

ಹೀಗೆ ಮನೆಯಲ್ಲಿ ಮಾತಿನ ಹೊಳೆಯೇ ಹರಿಯಿತು. ಪಿಟೀಲು ಮಾತ್ರ ತಟ್ಟೆ ನೋಡಿಕೊಂಡು ಉಂಡು ಎದ್ದುಹೋಗುತ್ತಿದ್ದಳು. ಫ್ರಿಜ್ಜಿನಿಂದ ಅವಳಿಗೆ ಒಂದು ಮಾತೂ ಬರುತ್ತಿರಲಿಲ್ಲ.

ಲಿಫ್ಟ್ ಮೆಕ್ಯಾನಿಕ್ ಒಂದು ದಿನ ಪ್ರಾಂಪ್ಟರಮ್ಮನನ್ನು ಬಾಗಿಲವರೆಗೆ ಬಿಡಲು ಬಂದವನು ತಡೆದು ನಿಲ್ಲಿಸಿದ. "ನಮಗೆಲ್ಲ ಕೊಡ್ತೀರ. ಹಲ್ಲಿನ ಡಾಕ್ಟ್ರಿಗೆ ಕೂಡ ಕೊಡ್ತೀರ. ಅವಳಿಗೆ ಯಾಕೆ ಮೇಡಂ ಒಂದು ಮಾತು ಕೊಡಲ್ಲ? ಅವಳಿಗೋಸ್ಕರ ತಾನೆ ನಿಮ್ಮನ್ನ ಕರೆಸಿದ್ದು?"

"ನೀವೆಲ್ಲ ಮಾತು ಮರೆತೋರು. ಅವಳು ಮರೆತಿಲ್ಲ. ನಿಲ್ಲಿಸಿದ್ದಾಳೆ. ಹಿಮ್ಮಡಿ ನೋಡಿ, ನೆಲಕ್ಕೆ ಕಚ್ಚಿಕೊಂಡಿದೆ."

"ಅಂದ್ರೆ ಅವಳಾಗಿಯೇ..."

"ಮುಂದಿನ ಮಾತು ಅವಳ ಹತ್ರ ಇದೆ. ಹೇಳೋಕೆ ಜಾಗ ಬೇಕು."

"ಎಷ್ಟು ದಿನ ಕಾಯ್ಬೇಕು?"

ಪ್ರಾಂಪ್ಟರಮ್ಮ ದಾರದ ಕನ್ನಡಕವನ್ನು ಕುತ್ತಿಗೆಯಿಂದ ತೆಗೆದು ಮತ್ತೆ ಹಾಕಿಕೊಂಡಳು. "ಅದನ್ನ ಹೇಳೋಕೆ ನನಗೆ ಬರಲ್ಲ" ಎಂದಳು.

ಕಾಯಲು ದಿನಗಳಿರಲಿಲ್ಲ. ಪರೀಕ್ಷೆ ಮುಗಿಯಿತು. ಭಾನುವಾರ ಬಂದು ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆಂದು ದೊಡ್ಡಮ್ಮ ಫೋನ್ ಮಾಡಿದಳು. ಪಿಟೀಲು ಬೇಡವೆನ್ನಲಿಲ್ಲ. ಸರಿಯೆಂದೂ ಅನ್ನಲಿಲ್ಲ. ಬಟ್ಟೆಗಳನ್ನು ಮಡಚಿ ಹಾಸಿಗೆಯ ಮೇಲೆ ಜೋಡಿಸಿಟ್ಟಳು.

*

ಶನಿವಾರ ಸಂಜೆ ಪ್ರಾಂಪ್ಟರಮ್ಮ ಬಂದು ನೋಡಿದರೆ ಫ್ರಿಜ್ಜಿನ ಹಿಂದೆ ಆಗಲೇ ಯಾರೋ ಕೂತಿದ್ದರು.

"ಇವತ್ತು ನಾನೇ ಕೊಡ್ತೀನಿ" ಎಂದ ಲಿಫ್ಟ್ ಮೆಕ್ಯಾನಿಕ್, ಮಂಡಿ ಗಲ್ಲಕ್ಕೆ ತಾಗುವಂತೆ ಮುದುರಿಕೊಂಡು. "ನೀವು ಕೊಡಲ್ಲ ಅಂದ್ರೆ ನಾನೇ ಕೊಡ್ತೀನಿ. ಬೆಳಿಗ್ಗೆಯಿಂದ ಯೋಚನೆ ಮಾಡಿಟ್ಟಿದ್ದೀನಿ."

"ಎದ್ದು ಬನ್ನಿ. ನಿಮಗೆ ಪಿಸುಗುಟ್ಟೋಕೆ ಬರಲ್ಲ."

"ಅದೇನು ಮಹಾ ವಿದ್ಯೆ?"

ಅಷ್ಟರಲ್ಲಿ ಪಿಟೀಲು ಕೋಣೆಯಿಂದ ಬಂದಳು. ಬೇರೆ ದಾರಿ ಕಾಣದೆ ಪ್ರಾಂಪ್ಟರಮ್ಮನೂ ಅವನ ಪಕ್ಕಕ್ಕೇ ನುಸುಳಿದಳು. ಇಬ್ಬರ ಭಾರಕ್ಕೆ ಸ್ಟೂಲು ಕಿರ್ರೆಂದಿತು. ಫ್ರಿಜ್ಜು ಒಂದು ಅಂಗುಲ ಮುಂದೆ ಜರುಗಿತು. ಅಜ್ಜಿ ಏನೂ ಕಾಣದವಳಂತೆ ಬಡಿಸಲು ಶುರುಮಾಡಿದಳು.

"ಅಪ್ಪಾ" ಎಂದು ಫ್ರಿಜ್ಜಿನ ಹಿಂದಿನಿಂದ ದನಿ ಬಂತು. ಅದು ಪಿಸುಮಾತಾಗಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಮೇಲಿನ ಮಹಡಿಯಿಂದ ಕೂಗುವ ಅಭ್ಯಾಸವಿದ್ದವನ ದನಿ. ಎದುರು ಮನೆಯವರಿಗೂ ಕೇಳಿಸಿತು. "ಅಪ್ಪಾ, ನನಗೆ ಈ ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ಲ! ದೊಡ್ಡಮ್ಮನ ಮನೆಗೆ ಹೋಗಲ್ಲ! ನೀನಂದ್ರೆ ನನಗೆ..."

ಅಜ್ಜಿ ಕಿಸಕ್ಕೆಂದಳು. ಸೌಟು ಕೆಳಗೆ ಬಿತ್ತು. ಹೆಂಡತಿ ಹಣೆ ಚಚ್ಚಿಕೊಂಡಳು. "ರೀ, ಮಾನ ಕಳೀಬೇಡಿ!"

"ಸಾಕು" ಎಂದು ಪ್ರಾಂಪ್ಟರಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನೊಂದು ಕೈ ತನ್ನ ಬಾಯಿಯ ಮೇಲೆ.

ಪಿಟೀಲು ಎದ್ದಳು. ಹೊರಟೇ ಹೋಗುತ್ತಾಳೆಂದು ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಮೇಜು ಸುತ್ತಿ ಬಂದು ಅಪ್ಪನ ಖಾಲಿ ಕುರ್ಚಿಯಲ್ಲಿ, ಫ್ರಿಜ್ಜಿಗೆ ಮುಖ ಮಾಡಿ ಕೂತಿದ್ದಳು. ಪಾದಗಳೆರಡೂ ಫ್ರಿಜ್ಜಿನ ಕಡೆಗೇ ತಿರುಗಿದ್ದವು.

ಅವನ ಬಾಯೊಳಗೆ ಹತ್ತು ಮಾತುಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಹಾಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ನೂರು ಕಿಲೋ ಮೋಟಾರನ್ನು ಹೆಗಲ ಮೇಲೆ ಹಿಡಿದು ನಿಂತಷ್ಟು ಕಷ್ಟ. ಒಮ್ಮೆ ಅವನು ಪ್ರಾಂಪ್ಟರಮ್ಮನ ಅಂಗೈ ಕಚ್ಚುವು‌ದರಲ್ಲಿದ್ದ. ಆಕೆ ಕೈ ತೆಗೆಯಲಿಲ್ಲ. ಇಷ್ಟು ಹೊತ್ತು ಗೊರಗುಡುತ್ತಿದ್ದ ಫ್ರಿಜ್ಜು ಒಮ್ಮೆ ನಡುಗಿ ತೆಪ್ಪಗಾಯಿತು.

"ಅಪ್ಪ, ನನಗೆ ಲಿಫ್ಟ್ ಅಂದ್ರೆ ಭಯ" ಎಂದಳು ಪಿಟೀಲು.

ದನಿ ಸ್ವಲ್ಪ ಒಡೆದಿತ್ತು, ಮೊದಲಿಗಿಂತ ದಪ್ಪವಾಗಿತ್ತು. ಅವನಿಗೆ ಆ ದನಿ ಗುರುತೇ ಸಿಗಲಿಲ್ಲ.

"ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ. ನಾನು ಲಿಫ್ಟಲ್ಲಿ ಓಡಾಡಿ ಒಂದು ವರ್ಷ ಆಯ್ತು. ನೀನು ಫೋನಲ್ಲಿ ಮಾತಾಡ್ತೀಯಲ್ಲ, ಒಳಗೆ ಸಿಕ್ಕಿಕೊಂಡಿರೋರು ಅಳ್ತಾ ಇರ್ತಾರೆ, ಯಾವ ಮಹಡಿ ಅಂತ ಅವರು ಹೇಳೋಕೆ ಮುಂಚೆ ನೀನೇ ಹೇಳ್ತೀಯ. ಗೊತ್ತು ಗೊತ್ತು, ನಾಲ್ಕನೇದು, ಹೆದರಬೇಡಿ, ಅಂತೀಯ. ಅದು ನಾಲ್ಕನೇದು ಅಲ್ಲದಿದ್ರೆ?"

"ಒಂದು ಸಲ ಪಕ್ಕದ ಬಿಲ್ಡಿಂಗಿಗೇ ಹೋಗಿ ಬಾಗಿಲು ಕಿತ್ತು ಬಂದಿದ್ರಲ್ಲ" ಎಂದಳು ಹೆಂಡತಿ ಮೆಲ್ಲಗೆ.

ಆರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುವ ಮಗಳನ್ನು ಮನೆಯವರೆಲ್ಲ ದಿನಾ ನೋಡಿದ್ದರು. ತೆಳ್ಳಗಾಗಲು ಎಂದು ತಾಯಿ ತಿಳಿದಿದ್ದಳು. ಆಟೋಟದ ದಿನಕ್ಕೆ ತಯಾರಿ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ಅವಳನ್ನೇ ಯಾರೂ ಕೇಳಿರಲಿಲ್ಲ.

ಪ್ರಾಂಪ್ಟರಮ್ಮ ಕೈ ತೆಗೆದಳು. ಅವನು ಫ್ರಿಜ್ಜಿನ ಹಿಂದಿನಿಂದ ಎದ್ದು ಬಂದ, ಅಂಗಿಯ ತುಂಬ ಧೂಳು, ಕೂದಲಲ್ಲಿ ಜೇಡರ ಬಲೆ. ಹೇಳಬೇಕಾದ್ದೆಲ್ಲ ಅವನಿಗೆ ನಾಲಿಗೆಯ ತುದಿಯಲ್ಲೇ ಇತ್ತು. ಲಿಫ್ಟಿಗೆ ಎಷ್ಟು ಹಗ್ಗ ಇರುತ್ತವೆ, ಒಂದು ಹರಿದರೂ ಉಳಿದವು ಹೇಗೆ ಹಿಡಿಯುತ್ತವೆ, ಬ್ರೇಕ್ ಹೇಗೆ ಕಚ್ಚುತ್ತದೆ. ಬಾಯಿ ತೆರೆದ. ಮಗಳು ಇನ್ನೂ ಏನೋ ಹೇಳುವುದಿದೆಯೆಂಬಂತೆ ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದ.

ಬಲಗಾಲಿನ ಹೆಬ್ಬೆರಳು ಎದ್ದಿತು. ಅವನು ಗತಿಯಿಲ್ಲದೆ ಫ್ರಿಜ್ಜಿನ ಕಡೆ ತಿರುಗಿ ನೋಡಿದ. ಪ್ರಾಂಪ್ಟರಮ್ಮ ಅಲ್ಲಿ ಕಣ್ಣರಳಿಸಿ, ಎರಡೂ ಅಂಗೈಗಳನ್ನು ಬಾಯಿಗೆ ಒತ್ತಿ ಹಿಡಿದುಕೊಂಡು, ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಕೆನ್ನೆಗಳು ಕೆಂಪಾಗಿದ್ದವು.

"ನನಗೆ... ನನಗೆ ಗೊತ್ತಿರಲಿಲ್ಲ ಮಗಳೇ" ಎಂದ. ಆಮೇಲೆ ಕೂದಲಿನ ಜೇಡರ ಬಲೆ ತೆಗೆಯುತ್ತ, "ನಾಳೆಯಿಂದ ನಾನೂ ಮೆಟ್ಟಿಲಲ್ಲೇ ಬರ್ಲಾ?"

"ನಿನ್ನ ಹೊಟ್ಟೆ ನೋಡ್ಕೊ ಅಪ್ಪಾ. ಎರಡನೇ ಮಹಡೀಲಿ ಕೂತ್ಬಿಡ್ತೀಯ. ನಿನ್ನ ಎಳ್ಕೊಂಡು ಬರೋಕೆ ಇನ್ನೊಬ್ಬ ಮೆಕ್ಯಾನಿಕ್ ಬೇಕು."

"ನೋಡು, ಇದಕ್ಕಿಂತ ಒಳ್ಳೇ ಮಾತು ಬೇಕಾ?" ಎಂದು ಅಜ್ಜಿ ಫ್ರಿಜ್ಜಿನ ಕಡೆ ಹುಬ್ಬು ಹಾರಿಸಿದಳು. "ಸ್ವಂತದ್ದು!"

ಬಾಗಿಲು ತಟ್ಟಿದ ಸದ್ದಾಯಿತು. ಹಲ್ಲಿನ ಡಾಕ್ಟರು ಏಣಿ ಹಿಡಿದುಕೊಂಡು ನಿಂತಿದ್ದರು. "ಯಾರೋ ಮನೆ ಬಿಟ್ಟು ಹೋಗಲ್ಲ ಅಂತ ಕೂಗ್ತಿದ್ರಲ್ಲ, ಏನಾದ್ರೂ ತೊಂದ್ರೆನಾ?"

"ಅಪ್ಪ ಕೂಗಿದ್ದು ಅಂಕಲ್" ಎಂದಳು ಪಿಟೀಲು. "ಹೋಗೋದರ ಬಗ್ಗೆ ನಾನು ಇನ್ನೂ ಏನೂ ಹೇಳಿಲ್ಲ."

ಭಾನುವಾರ ದೊಡ್ಡಮ್ಮ ಬಂದಳು. ಪಿಟೀಲು ಅವಳಿಗೆ ಬರಲ್ಲ ಎಂದು ಹೇಳಿದಳು. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲಿಲ್ಲ. ಮಧ್ಯಾಹ್ನದವರೆಗೆ ಹೇಳಿದಳು. ನಡುನಡುವೆ ಅಪ್ಪ ಬಾಯಿ ತೆರೆದಾಗಲೆಲ್ಲ ಅಜ್ಜಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಸಂಜೆ ದೊಡ್ಡಮ್ಮ ತಾನು ತಂದಿದ್ದ ಖಾಲಿ ಸೂಟ್‌ಕೇಸನ್ನು ಖಾಲಿಯಾಗಿಯೇ ಎತ್ತಿಕೊಂಡು ಹೊರಟಳು. ಅವಳನ್ನು ಕಳಿಸಲು ಅಪ್ಪ ಮಗಳು ಮೆಟ್ಟಿಲಲ್ಲಿ ಇಳಿದರು. ದೊಡ್ಡಮ್ಮ ಮಾತ್ರ ಲಿಫ್ಟಿನಲ್ಲಿ ಇಳಿದು, ಕೆಳಗೆ ಬಹಳ ಹೊತ್ತು ಕಾಯಬೇಕಾಯಿತು.

ಫ್ರಿಜ್ಜಿನ ಹಿಂದಿನ ಮಾತುಗಳ ಸುದ್ದಿ ಹಲ್ಲಿನ ಡಾಕ್ಟರ ಬಾಯಿಂದ ಕೇಂದ್ರದ ಮುಖ್ಯಸ್ಥರಿಗೆ ಮುಟ್ಟಿತು. ಡಾಕ್ಟರು ಅಲ್ಲಿಗೆ ಹೋದದ್ದು ದೂರು ಕೊಡಲಲ್ಲ, ತಮ್ಮ ಮನೆಯ ಫ್ರಿಜ್ಜಿಗೂ ಅಂಥದ್ದೊಂದು ಹಾಕಿಸಿಕೊಡುತ್ತೀರಾ ಎಂದು ಕೇಳಲು. ಮುಖ್ಯಸ್ಥರು ಕಾಲು ಅಗಲಿಸಿ ನಿಂತು ಪ್ರಾಂಪ್ಟರಮ್ಮನಿಗೆ ಚೆನ್ನಾಗಿ ಬೈದರು. ಬೈಯುತ್ತ ಬೈಯುತ್ತ ಒಂದು ಕಡೆ ಅವರಿಗೆ ಮುಂದಿನ ಮಾತು ಹೊಳೆಯದೆ ನಿಂತಿತು. ಆಕೆ ನೆಲ ನೋಡುತ್ತ, ತುಟಿ ಬಿಗಿಹಿಡಿದು, ಅವರಿಗೇ ಅದು ನೆನಪಾಗುವವರೆಗೆ ಸುಮ್ಮನೆ ಕಾದಳಂತೆ.

ಪ್ರಾಂಪ್ಟರಮ್ಮ ಈಗಲೂ ಅದೇ ಕೇಂದ್ರದ ನಾಲ್ಕನೇ ಕೊಠಡಿಯಲ್ಲಿ, ಹದಿಹರೆಯದವರಿಗೂ ಅವರ ಮನೆಯವರಿಗೂ ಸಲಹೆ ಕೊಡುವ ಕೆಲಸ ಮಾಡುತ್ತಾಳೆ. ಶನಿವಾರಗಳಂದು ಹೊಸದಾಗಿ ಸೇರಿದ ಸಲಹೆಗಾರರಿಗೆ ಸುಮ್ಮನೆ ಕೂರುವುದನ್ನು ಕಲಿಸುತ್ತಾಳೆ.